ಎಮ್ಮೆ ಇಳಿಯುವ ದೃಶ್ಯ

ನವೆಂಬರ್ 8, ಶನಿವಾರ

ಇವತ್ತು ಸ್ಟೀಫನ್ ಸೋಫಾದಿಂದ ಎದ್ದರು. ಇದೂ ಬರೆದಿಡುವ ವಿಷಯವೇ ಎಂದು ಕೇಳುವವರು ಜುಲೈಯಿಂದ ನಮ್ಮ ಮನೆಗೆ ಬಂದು ನೋಡಬೇಕಿತ್ತು. ಕಂಪೆನಿ ಮುಚ್ಚಿ ಕೆಲಸ ಹೋದಂದಿನಿಂದ ಸೋಫಾದ ಎಡಮೂಲೆ ಇವರದ್ದು, ರಿಮೋಟ್ ಇವರದ್ದು. ಮಾತು ಮಾತ್ರ ಯಾರದ್ದೂ ಅಲ್ಲ. ಊರಿಗೆ ಹೇಳಿಲ್ಲ, ಇಗರ್ಜಿಯಲ್ಲಿ ಹೇಳಿಲ್ಲ, ಜೀವದ ಗೆಳೆಯ ರೊನಾಲ್ಡ್‌ಗೂ ಹೇಳಿಲ್ಲ. ಯಾರಾದರೂ ವಿಚಾರಿಸಿದರೆ "ಸ್ವಲ್ಪ ಲೀವ್ ಬಾಕಿ ಇತ್ತು" ಅನ್ನುತ್ತಾರೆ. ನಾನೂ ಪಕ್ಕದಲ್ಲಿ ನಿಂತು ತಲೆಯಾಡಿಸುತ್ತೇನೆ. ನಾಲ್ಕು ತಿಂಗಳು ಲೀವ್ ಕೊಡುವ ಕಂಪೆನಿ ಬಹರೈನಿನಲ್ಲಿ ಇದ್ದಿದ್ದರೆ ನಾನು ಎಂದೋ ನರ್ಸ್ ಕೆಲಸ ಬಿಟ್ಟು ಅಲ್ಲಿ ಸೇರುತ್ತಿದ್ದೆ.

ಎಬ್ಬಿಸಿದ್ದು ರೊನಾಲ್ಡ್‌ನ ಫೋನು. ಇಲ್ಲಿನ ಕನ್ನಡ ಸಂಘದ ವಾರ್ಷಿಕೋತ್ಸವ ಡಿಸೆಂಬರ್ ಹನ್ನೆರಡಕ್ಕೆ. ನೃತ್ಯರೂಪಕದವರು ಕೈಕೊಟ್ಟಿದ್ದಾರೆ. 2012ರಲ್ಲಿ ಸ್ಟೀಫನ್ ಬರೆದು ಆಡಿಸಿದ 'ಎರಡನೇ ಮಹಡಿಯ ಎಮ್ಮೆ'ಯನ್ನು ಮತ್ತೆ ಆಡಬೇಕಂತೆ. ಗಲ್ಫಿನಿಂದ ಬಂದ ಪೌಲಿ ಮಾಮ ಪ್ಯಾಕೆಟ್ ಹಾಲು ಕುಡಿದು ಬೇಸತ್ತು ಮಂಗಳೂರಿನ ಫ್ಲಾಟಿಗೆ ಎಮ್ಮೆ ಹತ್ತಿಸಿಕೊಂಡು ಬರುತ್ತಾನೆ. ಹತ್ತಿದ ಎಮ್ಮೆ ಇಳಿಯುವುದಿಲ್ಲ. ಕಥೆ ಅಷ್ಟೇ, ಆದರೆ ಆ ವರ್ಷ ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಫೋನಿಟ್ಟ ಸ್ಟೀಫನ್ ಕನ್ನಡಿಯ ಮುಂದೆ ಹೋಗಿ ಗಲ್ಲ ಸವರಿಕೊಂಡು, "ವಾಯೊಲೆಟ್, ಸ್ಕ್ರಿಪ್ಟ್ ಎಲ್ಲುಂಟು?" ಎಂದರು. ಅವರು ನನ್ನ ಹೆಸರು ಹಿಡಿದು ಕರೆಯದೆ ಎಷ್ಟು ದಿನವಾಗಿತ್ತು. ನಾನು ಕಪಾಟಿನ ಮೇಲಿನ ಸೂಟ್‌ಕೇಸಿನಿಂದ ಹಳೆಯ ಲ್ಯಾಪ್‌ಟಾಪ್ ಇಳಿಸಿ, ಧೂಳು ಒರೆಸಿ, ಗುಂಡಿ ಒತ್ತಿದೆ. ಪರದೆ ಕಪ್ಪು. ಮತ್ತೆ ಒತ್ತಿದೆ. ಎಮ್ಮೆಯಷ್ಟೇ ಕಪ್ಪು.

ಜೆರಾಕ್ಸ್ ಪ್ರತಿಗಳು ಹಳೆಯ ಪಾತ್ರಧಾರಿಗಳ ಜೊತೆ ಊರಿಗೂ ಕೆನಡಾಕ್ಕೂ ಹೋಗಿವೆ. ವಿಡಿಯೊ ಮಾಡಿದವರು ತಮ್ಮ ಮಗಳ ಡ್ಯಾನ್ಸ್ ಮಾತ್ರ ತೆಗೆದುಕೊಂಡು ಕ್ಯಾಮೆರಾ ಮುಚ್ಚಿದ್ದರು. ಸ್ಟೀಫನ್ ಲ್ಯಾಪ್‌ಟಾಪನ್ನು ನೋಡಿದರು, ಸೋಫಾವನ್ನು ನೋಡಿದರು. ನಾನು ತಕ್ಷಣ, "ಇದಕ್ಕೆಲ್ಲ ಜನ ಇದ್ದಾರೆ, ಸೋಮವಾರ ಸರಿ ಮಾಡಿಸಿ ತರ್ತೇನೆ" ಎಂದುಬಿಟ್ಟೆ. ಇವರು ಇನ್ನೊಮ್ಮೆ ಆ ಮೂಲೆಗೆ ಹೋಗಿ ಕೂತರೆ ಎಬ್ಬಿಸಲು ನನ್ನಲ್ಲಿ ಬೇರೆ ಉಪಾಯವಿಲ್ಲ.

ನವೆಂಬರ್ 10, ಸೋಮವಾರ

ಡ್ಯೂಟಿ ಮುಗಿಸಿ ಸಲ್ಮಾನಿಯಾ ಆಸ್ಪತ್ರೆಯಿಂದ ನೇರ ಹೂರಾಕ್ಕೆ ಹೋದೆ. ಶವರ್ಮಾ ಅಂಗಡಿಗೂ ಟೈಲರ್ ಅಂಗಡಿಗೂ ನಡುವೆ ಶರೀಫ್ ಅವರ ಕಂಪ್ಯೂಟರ್ ರಿಪೇರಿ ಅಂಗಡಿ. ಉಳ್ಳಾಲದವರು, ಮಾತಿನ ಮಲ್ಲ. ಅವರ ತಾಯಿ ಆಮಿನಮ್ಮ ಒಮ್ಮೆ ನಮ್ಮ ವಾರ್ಡಿನಲ್ಲಿದ್ದರು. ಅಂದಿನಿಂದ ನಾನು ಅವರಿಗೆ ಸಿಸ್ಟರ್.

ಅವರು ಲ್ಯಾಪ್‌ಟಾಪಿನ ಬೆನ್ನಿನ ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದರು. ಒಳಗಿನಿಂದ ಕೆಂಪು ಕಾಳುಗಳು ಮೇಜಿನ ಮೇಲೆ ಉದುರಿದವು.

"ಸಿಸ್ಟರ್, ಇದು ಎಂತ?"

"ಅಕ್ಕಿ."

"ಅಕ್ಕಿ ಅಂತ ಗೊತ್ತಾಯ್ತು. ಕುಚ್ಚಲಕ್ಕಿ. ಮರಳು ಸಿಕ್ಕಿದೆ, ಜಿರಳೆ ಸಿಕ್ಕಿದೆ, ಒಮ್ಮೆ ಒಬ್ಬರ ಹಲ್ಲು ಸಹ ಸಿಕ್ಕಿದೆ. ಕುಚ್ಚಲಕ್ಕಿ ಇದೇ ಫಸ್ಟ್."

ನಡೆದದ್ದನ್ನು ಹೇಳಿದೆ. ಹಲವು ವರ್ಷಗಳ ಹಿಂದೆ ಏಸಿಯ ನೀರು ಅದರ ಮೇಲೆ ತೊಟ್ಟಿಕ್ಕಿತ್ತು. ಒದ್ದೆಯಾದದ್ದನ್ನು ಅಕ್ಕಿಯಲ್ಲಿ ಹೂತಿಡಬೇಕೆಂದು ಯಾರೋ ಹೇಳಿದ್ದರು. ನಮ್ಮ ಮನೆಯಲ್ಲಿದ್ದದ್ದು ಊರಿಂದ ಬಂದ ಕುಚ್ಚಲಕ್ಕಿಯ ಡ್ರಮ್ಮು. ಅದರಲ್ಲಿ ಒಂದು ವಾರ ಇಟ್ಟು, ತೆಗೆದು, ಒಣಗಿದೆ ಎಂದು ಸಮಾಧಾನಪಟ್ಟು ಕಪಾಟಿನ ಮೇಲೆ ಹಾಕಿದ್ದೆ. ಚಾಲೂ ಮಾಡಿ ನೋಡುವ ಬುದ್ಧಿ ಮಾತ್ರ ಬರಲಿಲ್ಲ.

"ಬೇಯಿಸಿದ ಅಕ್ಕಿ ಇನ್ನು ನೀರು ಎಲ್ಲಿ ಹೀರ್ತದೆ ಸಿಸ್ಟರ್?" ಎಂದು ಅವರು ಕಾಳುಗಳನ್ನು ಕಾಗದದಲ್ಲಿ ಕಟ್ಟಿ ನನಗೇ ಕೊಟ್ಟರು. ಕೊನೆಗೆ ಗಂಭೀರವಾಗಿ, "ಮೆಷಿನ್ ಹೋಗಿದೆ. ಆದರೆ ಫೈಲ್ ಇರುವುದು ಹಾರ್ಡ್ ಡಿಸ್ಕ್‌ನಲ್ಲಿ. ಅದಕ್ಕೆ ಜೀವ ಉಂಟು, ಸ್ವಲ್ಪ ಟಿಕ್ ಟಿಕ್ ಅಂತದೆ" ಎಂದರು.

"ಪಲ್ಸ್ ಇದೆ ಅನ್ನಿ."

"ಉಂಟು, ವೀಕ್. ಅವಸರ ಮಾಡಿದರೆ ಅದೂ ಹೋಗ್ತದೆ. ಒಂದೊಂದೇ ತುಂಡು ಕಾಪಿ ಮಾಡಬೇಕು. ಎರಡು ವಾರ ಆಗಬಹುದು, ದಿನಾ ಫೋನ್ ಮಾಡಬೇಡಿ."

ರೋಗಿಯ ಮನೆಯವರಿಗೆ ನಾನು ಹೇಳುವ ಮಾತನ್ನೇ ನನಗೆ ಹೇಳಿದರು. ಕೇಳಿಸಿಕೊಳ್ಳುವ ಬದಿಯಲ್ಲಿ ನಿಂತರೆ ಅದು ಇಷ್ಟು ಕಹಿಯೆಂದು ಗೊತ್ತಿರಲಿಲ್ಲ.

ನವೆಂಬರ್ 14, ಶುಕ್ರವಾರ

ಇಗರ್ಜಿಯ ಪೂಜೆ ಮುಗಿದ ಮೇಲೆ ಎಲ್ಲರೂ ನಮ್ಮ ಮನೆಗೆ ಬಂದರು. ಸ್ಟೀಫನ್ ಪೌಲಿ ಮಾಮ, ರೊನಾಲ್ಡ್‌ನ ಹೆಂಡತಿ ಹೇಜಲ್ ಪೌಲಿಯ ಹೆಂಡತಿ, ಸಂಘದ ಗೆಳೆಯ ಹರಿಹರನದ್ದು ಫ್ಲಾಟಿನ ಸೆಕ್ರೆಟರಿಯ ಪಾತ್ರ, ರೊನಾಲ್ಡ್ ಎಮ್ಮೆಯ ಮುಂದಿನ ಅರ್ಧ. ಹಿಂದಿನ ಅರ್ಧಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ.

ಫೈಲು ಬರುವವರೆಗೆ ನೆನಪಿನಿಂದ ಶುರುಮಾಡುವ ಎಂದು ರೊನಾಲ್ಡ್ ಹೇಳಿದ. ಅವನಿಗೆ ತನ್ನ ಮಾತು ಮಾತ್ರ ನೆನಪಿತ್ತು, ಅದು "ಅಂಬಾ". ಹೇಜಲ್‌ಗೆ ತಾನು ಉಟ್ಟ ಸೀರೆ ನೆನಪಿತ್ತು. ಹರಿಹರ ಹೇಳಿದ್ದು ಬೇರೆ ಯಾವುದೋ ನಾಟಕದ ಮಾತು. ಸ್ಟೀಫನ್, "ವಾಯೊಲೆಟ್ ಹೇಳಲಿ, ಅವಳಿಗೆ ಎಲ್ಲ ನೆನಪಿರ್ತದೆ" ಎಂದರು.

ಅದು ನಿಜ. ಡಾಕ್ಟರು ಯಾವತ್ತೋ ಕೊಟ್ಟ ಆರ್ಡರ್ ನಾನು ಇವತ್ತಿಗೂ ತಪ್ಪಿಲ್ಲದೆ ಹೇಳಬಲ್ಲೆ. ನಾಟಕದಲ್ಲಿ ನನಗೆ ಆಸಕ್ತಿ ಇಲ್ಲ, ಆದರೆ ಸ್ಟೀಫನ್ ಹೇಳಿದ್ದನ್ನೆಲ್ಲ ಟೈಪ್ ಮಾಡಿದವಳು ನಾನು. ಪರದೆಯ ಬದಿಯಲ್ಲಿ ನಿಂತು ಮರೆತ ಮಾತು ಎತ್ತಿಕೊಟ್ಟವಳೂ ನಾನು. ಹೇಳುತ್ತಾ ಹೋದೆ. ನಮ್ಮ ಮಗಳು ಕ್ಯಾರೆನ್ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಅವಳಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಹಾಗಾಗಿಯೇ ಈ ಪುಸ್ತಕ ಮೇಜಿನ ಮೇಲೆ ಬಿದ್ದಿದ್ದರೂ ನನಗೆ ಭಯವಿಲ್ಲ.

ಮೂರನೇ ದೃಶ್ಯದಲ್ಲಿ ಎಮ್ಮೆ ಇಳಿಯಬೇಕು. "ಅಲ್ಲಿ ಕ್ರೇನ್ ಬರ್ತದಲ್ವಾ?" ಎಂದ ರೊನಾಲ್ಡ್.

"ಕ್ರೇನೂ ಇಲ್ಲ, ಗೀನೂ ಇಲ್ಲ. ಪೌಲಿ ಮೆಟ್ಟಿಲ ಮೇಲೆ ಕೂತು ಎಮ್ಮೆ ಹತ್ರ ಮಾತಾಡ್ತಾನೆ" ಎಂದೆ. ತನಗೆ ಹಗ್ಗ ಕಟ್ಟಿದ ಹಾಗೆ ನೆನಪು ಎಂದು ಅವನು ಗೊಣಗಿದ. ಎಮ್ಮೆಯ ತಲೆಯೊಳಗೆ ಕೂತವನಿಗೆ ಹೊರಗಿನದ್ದು ಹೇಗೆ ಗೊತ್ತಾಗಬೇಕು ಎಂದು ನಾನು ಬಾಯಿ ಮುಚ್ಚಿಸಿದೆ. ಆ ಮಾತುಗಳು ನನಗೆ ನಿನ್ನೆ ಕೇಳಿದಷ್ಟು ಸ್ಪಷ್ಟವಾಗಿವೆ:

"ಏ ರಾಣಿ, ನಿನಗೆ ಮಾತ್ರ ಹೇಳ್ತೇನೆ. ನಾನು ರಜೆಯಲ್ಲಿ ಬಂದವನಲ್ಲ. ನನ್ನ ಕೆಲಸ ಹೋಗಿದೆ. ಹತ್ತುವಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಇಳಿಯಲಿಕ್ಕೆ ನಿನಗೂ ಹೆದರಿಕೆ, ನನಗೂ ಹೆದರಿಕೆ. ಇಬ್ಬರೂ ಒಂದೊಂದೇ ಮೆಟ್ಟಿಲು ಇಳಿಯುವ."

ಸ್ಟೀಫನ್ ಕೇಳಿಸಿಕೊಂಡು, ನೀರು ಕುಡಿದು ಬರುತ್ತೇನೆಂದು ಒಳಗೆ ಹೋದರು.

ನವೆಂಬರ್ 19, ಬುಧವಾರ

ಫೋನ್ ಮಾಡಬೇಡಿ ಎಂದಿದ್ದಾರೆ, ಬರಬೇಡಿ ಎಂದಿಲ್ಲವಲ್ಲ. ಹೋದೆ. ಅರ್ಧ ಕಾಪಿ ಆಗಿದೆಯಂತೆ. ಯಾವ ಫೈಲಿಗೆ ಇಷ್ಟು ಒದ್ದಾಟ ಎಂದು ಶರೀಫ್ ಕೇಳಿದರು. ಎಮ್ಮೆಯ ಕಥೆ ಹೇಳಿದೆ. ಅವರು ಸ್ಕ್ರೂಡ್ರೈವರ್ ಕೆಳಗಿಟ್ಟು ನಕ್ಕು, "ಹಿಂದಿನ ಕಾಲಿಗೆ ಜನ ಇಲ್ವಾ? ನಾನು ಬರ್ತೇನೆ. ಮುಖ ತೋರಿಸಬೇಕಾಗಿಲ್ಲ ಅಲ್ವಾ, ಹೆಂಡತಿಯೂ ಬೈಯುವುದಿಲ್ಲ" ಎಂದರು. ಫೈಲು ಹುಡುಕಲು ಹೋಗಿ ಕಾಲು ಸಿಕ್ಕಿತು.

ಊಟದ ಬಿಡುವಿನಲ್ಲಿ ಎರಡನೇ ದೃಶ್ಯದಲ್ಲಿ ಬಿಟ್ಟುಹೋದದ್ದನ್ನು ನೆನಪು ಮಾಡಿಕೊಂಡು ಬರೆದೆ. ಲಿಫ್ಟಿನಲ್ಲಿ ಎಮ್ಮೆಗೆ ಕನ್ನಡಿ ಕಾಣುವ ಭಾಗ. ಬರೆಯುತ್ತಾ ಒಬ್ಬಳೇ ನಗುತ್ತಿದ್ದದ್ದನ್ನು ನೋಡಿ ಪಕ್ಕದ ಮಲಯಾಳಿ ಸಿಸ್ಟರ್ ನನ್ನ ಬಿ.ಪಿ. ನೋಡಲು ಬಂದಳು.

ನವೆಂಬರ್ 21, ಶುಕ್ರವಾರ

ರಿಹರ್ಸಲ್ ಜೋರಾಗಿತ್ತು. ಸ್ಟೀಫನ್ ಹರಿಹರನಿಗೆ ನಡಿಗೆ ತೋರಿಸಿದರು, ಹೇಜಲ್‌ಗೆ ಬೈದರು, ನಾನು ಕರಿದ ಪೋಡಿ ಮೂರು ತಟ್ಟೆ ತಿಂದರು. ನನ್ನ ಹಳೆಯ ಗಂಡ ವಾಪಸ್ ಬಂದ ಹಾಗಾಯಿತು. ಆದರೆ ಮೆಟ್ಟಿಲಿನ ಮಾತಿಗೆ ಬಂದಾಗಲೆಲ್ಲ ಕೆಮ್ಮು. "ರಜೆಯಲ್ಲಿ ಬಂದವನಲ್ಲ" ತನಕ ಸರಿ, ಮುಂದಿನದ್ದು ಬರುವುದಿಲ್ಲ. ಕೆಮ್ಮಿ, ಆ ಸಾಲು ಹಾರಿಸಿ, ಸೀದಾ ಚಪ್ಪಾಳೆಯ ಮಾತಿಗೆ ಹೋಗುತ್ತಾರೆ. ಧೂಳಿನ ಗಾಳಿಯ ಕಾರುಬಾರು. ಉಪ್ಪುನೀರು ಬಿಸಿ ಮಾಡಿ ಬಾಯಿ ಮುಕ್ಕಳಿಸಲು ಕೊಟ್ಟಿದ್ದೇನೆ.

ನವೆಂಬರ್ 23, ಭಾನುವಾರ

ಫೈಲುಗಳು ಬಂದವು. ಶರೀಫ್ ಪೆನ್‌ಡ್ರೈವ್ ಕೈಗಿಟ್ಟು, "ಫೋಟೊ ಎಲ್ಲ ಚೊಕ್ಕ ಸಿಕ್ಕಿದೆ. ಕನ್ನಡದ ಫೈಲ್ ಮಾತ್ರ ಹಾಳಾಗಿದೆ ಕಾಣ್ತದೆ" ಎಂದರು. ತೆರೆದು ನೋಡಿದರೆ ಕನ್ನಡದ ಒಂದಕ್ಷರವೂ ಇಲ್ಲ. ಇಂಗ್ಲಿಷ್ ಎ, ತಲೆಯ ಮೇಲೆ ಟೊಪ್ಪಿ ಇಟ್ಟ ಎ, ಪೌಂಡಿನ ಚಿಹ್ನೆ, ಬಾಲದ ಸಿ. ಪುಟಗಟ್ಟಲೆ ಅದೇ. ಶರೀಫ್ ಪಾಪ, ತಾನೇ ಕೊಂದವರಂತೆ ಮುಖ ಮಾಡಿದ್ದರು. ನಾನು ಅವರಿಗೆ ಸಮಾಧಾನ ಹೇಳಿ ಬಂದೆ.

ಸ್ಟೀಫನ್‌ಗೆ ಹೇಳಿದಾಗ "ಹೋಗಲಿ, ನಿನ್ನ ನೆನಪು ಉಂಟಲ್ಲ" ಎಂದರು. ನನಗೆ ಅದು ಸಾಲದು. ಅವರ ನಾಟಕ ಅವರ ಕೈಗೆ ಇಡೀ ಸಿಗಬೇಕು. ಈ ವರ್ಷ ಅವರ ಕೈಯಿಂದ ಜಾರಿದ್ದು ಸಾಕು.

ನವೆಂಬರ್ 25, ಮಂಗಳವಾರ

ಹಾಳಾಗಿರಲಿಲ್ಲ. ನಾನೇ ಪೆದ್ದಿ.

ಸಂಜೆ ಆ ಕಸವನ್ನೇ ನೋಡುತ್ತಾ ಕೂತಿದ್ದೆ. ಸಾಲು ಬಿಟ್ಟು ಸಾಲಿನ ಮೊದಲು ಒಂದೇ ರೀತಿಯ ನಾಲ್ಕೈದು ಗುರುತು, ಆಮೇಲೆ ಎರಡು ಚುಕ್ಕಿ. ಹಾಳಾದ ಫೈಲಿಗೆ ಇಷ್ಟು ಶಿಸ್ತು ಎಲ್ಲಿಂದ? ಅದು ಪೌಲಿಯ ಹೆಸರು. ಆಗ ನಾನು ಟೈಪ್ ಮಾಡುತ್ತಿದ್ದದ್ದು ಹಳೆಯ ಕನ್ನಡ ಫಾಂಟಿನಲ್ಲಿ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅದು ಹೀಗೆ ವೇಷ ಹಾಕಿಕೊಂಡು ನಿಲ್ಲುತ್ತದೆ. ಕ್ಯಾರೆನ್ ಎಲ್ಲಿಂದಲೋ ಆ ಫಾಂಟನ್ನು ಹುಡುಕಿ ಇಳಿಸಿದಳು. ನಾನು ಹೇಳಿದ ಕಡೆ ಒತ್ತಿದಳು. ಟೊಪ್ಪಿ, ಬಾಲ ಎಲ್ಲ ಕಳಚಿ ಪರದೆ ತುಂಬ ದುಂಡು ದುಂಡು ಕನ್ನಡ. "ಮಮ್ಮಾ, ಯು ಆರ್ ಅ ಹ್ಯಾಕರ್" ಎಂದಳು. ನಾನು ಕುಣಿಯುವುದೊಂದು ಬಾಕಿ.

ಸ್ಟೀಫನ್ ಕನ್ನಡಕ ಹಾಕಿ ಓದತೊಡಗಿದರು. ನಾನು ಅಡುಗೆಮನೆಯಲ್ಲಿ ಮೀನು ಹುರಿಯುತ್ತಾ ನಗು ಕೇಳಲು ಕಾಯುತ್ತಿದ್ದೆ. ನಗು ಬರಲಿಲ್ಲ.

"ಇದರಲ್ಲಿ ಲಿಫ್ಟಿನ ಕನ್ನಡಿ ಇಲ್ಲ" ಎಂದರು. "ಎಮ್ಮೆಗೆ ರಾಣಿ ಅಂತ ಹೆಸರೂ ಇಲ್ಲ."

"ಸರಿಯಾಗಿ ನೋಡಿ."

"ಕ್ರೇನ್ ಉಂಟು."

ನಾನು ಸೌಟು ಹಿಡಿದುಕೊಂಡೇ ಬಂದು ನೋಡಿದೆ. ಮೂರನೇ ದೃಶ್ಯದಲ್ಲಿ ಕ್ರೇನ್ ಬರುತ್ತದೆ, ಎಮ್ಮೆಯನ್ನು ಇಳಿಸುತ್ತದೆ, ಸೆಕ್ರೆಟರಿ ಮೂರ್ಛೆ ಹೋಗುತ್ತಾನೆ, ಪರದೆ. ಮೆಟ್ಟಿಲ ಮೇಲೆ ಯಾರೂ ಕೂರುವುದಿಲ್ಲ. ಯಾರ ಕೆಲಸವೂ ಹೋಗಿಲ್ಲ. ನಾನು ಆಣೆ ಇಟ್ಟು ಹೇಳಿದ್ದ ಮಾತುಗಳಲ್ಲಿ ಅರ್ಧಕ್ಕರ್ಧ ಅಲ್ಲಿಲ್ಲ.

ಸ್ಟೀಫನ್ ಕನ್ನಡಕ ತೆಗೆದು, "ಹಾಗಾದರೆ ಅದು ನನ್ನ ಬಗ್ಗೆ ನೀನು ಬರೆದದ್ದು" ಎಂದರು. ಸಿಟ್ಟಿನಿಂದ ಹೇಳಿದ್ದರೆ ನಾನು ಉತ್ತರ ಕೊಡುತ್ತಿದ್ದೆ. ಮೆಲ್ಲಗೆ ಹೇಳಿದರು. ಮೀನು ಕರಟಿತು.

ನವೆಂಬರ್ 26, ಬುಧವಾರ

ಸೋಫಾದ ಎಡಮೂಲೆ. ಊಟಕ್ಕೂ ಅಲ್ಲೇ.

ದೇವರಾಣೆ ನಾನು ಬೇಕೆಂದು ಮಾಡಿದ್ದಲ್ಲ. ನೆನಪು ಮಾಡಿಕೊಳ್ಳುತ್ತಿದ್ದೇನೆ ಎಂದೇ ತಿಳಿದಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಾನು ಇವರನ್ನು ಗುಣ ಮಾಡಲು ಹೊರಟು ಇವರಿಗೇ ಬರೆ ಎಳೆದೆ. ಊಟದ ತಟ್ಟೆ ಎತ್ತುವಾಗ, "ನಿಮ್ಮ ನಾಟಕವೇ ಆಡುವ, ಕ್ರೇನೇ ಇರಲಿ" ಎಂದೆ. ತಲೆಯಾಡಿಸಿದರು. ಹೌದೆಂದೋ ಬೇಡವೆಂದೋ ತಿಳಿಯಲಿಲ್ಲ.

ನವೆಂಬರ್ 28, ಶುಕ್ರವಾರ

ರಿಹರ್ಸಲ್‌ಗೆ ಬರುವುದಿಲ್ಲ ಎನ್ನುತ್ತಾರೆಂದು ಹೆದರಿದ್ದೆ, ಬಂದರು. ಹಳೆಯ ಫೈಲಿನ ಪ್ರತಿ ಎಲ್ಲರಿಗೂ ಹಂಚಿದೆ. ರೊನಾಲ್ಡ್, "ನೋಡಿದ್ರಾ, ಕ್ರೇನ್ ಇತ್ತು ಅಂತ ಹೇಳಿದ್ದೆನಲ್ಲ" ಎಂದು ನಾಲ್ಕು ಸಲ ಹೇಳಿದ. ಹೇಳಲಿ, ಹಕ್ಕಿದೆ.

ಕ್ರೇನಿನ ದೃಶ್ಯ ಆಡಿದರು. ಮುಗಿಯಿತು. ಎಮ್ಮೆಯ ಹಿಂಭಾಗದ ಬಟ್ಟೆ ಸರಿಸಿ ಶರೀಫ್ ಬೆವರು ಒರೆಸುತ್ತಾ ತಲೆ ಹೊರಗೆ ಹಾಕಿದರು.

"ಸ್ಟೀಫಣ್ಣ, ಆ ಮೆಟ್ಟಿಲಿನ ಮಾತು ಎಲ್ಲಿ ಹೋಯ್ತು?"

"ಅದು ಒರಿಜಿನಲ್‌ನಲ್ಲಿ ಇಲ್ಲ."

"ಇರದಿದ್ದರೆ ಹಾಕಿ ಮಾರಾಯ್ರೆ. ಹೋದ ವಾರ ನೀವು ಅದು ಹೇಳುವಾಗ ಈ ಬಟ್ಟೆಯ ಒಳಗೆ ನಾನು ಕಣ್ಣೊರೆಸಿಕೊಂಡಿದ್ದೇನೆ. ಕೊರೊನಾ ಸಮಯದಲ್ಲಿ ಅಂಗಡಿ ಮುಚ್ಚಿ ಕೂತಿದ್ದೆ. ಊರಿಗೆ ಫೋನ್ ಮಾಡಿ ಬಿಸ್ನೆಸ್ ಭಾರೀ ಲಾಯ್ಕ್ ಉಂಟು ಅಂತಿದ್ದೆ. ಹೆತ್ತ ಉಮ್ಮನ ಹತ್ರ ಸಹ ಹಾಗೆಯೇ ಹೇಳಿದೆ. ನನಗೆ ಅಂಥ ಒಂದು ಎಮ್ಮೆ ಇದ್ದಿದ್ದರೆ ಸಾಕಿತ್ತು."

ಹಿಂದಿನ ಅರ್ಧ ಯಾಕೆ ನಿಂತಿದೆ ಎಂದು ತಿಳಿಯದ ರೊನಾಲ್ಡ್ ತಲೆಯೊಳಗಿನಿಂದ "ಅಂಬಾ" ಎಂದ. ಸ್ಟೀಫನ್‌ಗೆ ಮೊದಲು ನಗು ಬಂತು. ಕೂತು, ಗೋಡೆಗೆ ಒರಗಿ, ಹೊಟ್ಟೆ ಅಲುಗುವ ಹಾಗೆ ನಕ್ಕರು. ಆಮೇಲೆ ಕೈಯಲ್ಲಿದ್ದ ಪ್ರತಿಯನ್ನು ನನಗೆ ಕೊಟ್ಟು, "ಕ್ರೇನ್ ಬೇಡ. ವಾಯೊಲೆಟ್ ಹೇಳಿದ್ದೇ ಇರಲಿ" ಎಂದರು.

ಮೆಟ್ಟಿಲಿನ ಮಾತಿಗೆ ಮತ್ತೆ ಕೆಮ್ಮಿದರು. ಉಪ್ಪುನೀರಿನಿಂದ ವಾಸಿಯಾಗುವ ಕೆಮ್ಮಲ್ಲ ಎಂದು ಈಗ ಗೊತ್ತು, ನೀರು ಬಿಸಿಗಿಡಲು ಹೋಗಲಿಲ್ಲ.

ಡಿಸೆಂಬರ್ 4, ಗುರುವಾರ

ಸಮಯವಿಲ್ಲ. ಕೊಂಬು ಹೊಲಿಯಬೇಕು. ಹೇಜಲ್‌ಗೆ ಕೊನೆಯಲ್ಲಿ ಒಂದು ಮಾತು ಬೇಕಿತ್ತು. ಬಸ್ಸಿನಲ್ಲಿ ಬರುವಾಗ ಹೊಳೆಯಿತು, ಔಷಧಿ ಚೀಟಿಯ ಹಿಂದೆ ಬರೆದುಕೊಂಡೆ. ಬಾಲ ಉದ್ದವಾಯಿತೆಂದು ಶರೀಫ್ ದೂರು. ಸ್ಟೀಫನ್ ಬೆಳಿಗ್ಗೆ ಬಾತ್‌ರೂಮಿನಲ್ಲಿ ಪೌಲಿಯ ಮಾತು ಹೇಳುತ್ತಿದ್ದರು. ಆ ಸಾಲು ಇವತ್ತೂ ಕೇಳಿಸಲಿಲ್ಲ.

ಡಿಸೆಂಬರ್ 13, ಶನಿವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ. ನಿನ್ನೆ ಮನೆಗೆ ಬಂದಾಗ ನಡುರಾತ್ರಿ ದಾಟಿತ್ತು.

ಹಾಲ್ ತುಂಬಿತ್ತು. ಮೊದಲ ಎರಡು ದೃಶ್ಯ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆದವು. ಲಿಫ್ಟಿನ ಕನ್ನಡಿಯಲ್ಲಿ ಎಮ್ಮೆ ತನ್ನನ್ನೇ ನೋಡಿ ನಾಚಿಕೊಂಡಾಗ ಮುಂದಿನ ಸಾಲಿನಲ್ಲಿ ಒಬ್ಬರಿಗೆ ಕೆಮ್ಮು ಹತ್ತಿತು, ನೀರು ತರಿಸಬೇಕಾಯಿತು. ನಾನು ಪರದೆಯ ಬದಿಯಲ್ಲಿ ಸ್ಕ್ರಿಪ್ಟ್ ಹಿಡಿದು ನಿಂತಿದ್ದೆ. ಹಾಳೆ ನೋಡುವುದನ್ನೇ ಮರೆತು ಜನರ ಮುಖ ನೋಡುತ್ತಿದ್ದೆ.

ಮೆಟ್ಟಿಲು ಬಂತು. ಸ್ಟೀಫನ್ ಕೂತರು. ಎಮ್ಮೆಯ ಕುತ್ತಿಗೆಗೆ ಕೈ ಹಾಕಿದರು. "ಏ ರಾಣಿ, ನಿನಗೆ ಮಾತ್ರ ಹೇಳ್ತೇನೆ. ನಾನು ರಜೆಯಲ್ಲಿ ಬಂದವನಲ್ಲ." ಮಾತು ಅಲ್ಲಿಗೇ ನಿಂತಿತು.

ನಾನು ಪಿಸುಗುಟ್ಟಿದೆ: "ನನ್ನ ಕೆಲಸ ಹೋಗಿದೆ."

ಇಲ್ಲ. ಇನ್ನೊಮ್ಮೆ ಹೇಳಿದೆ. ಅವರು ಮರೆತಿರಲಿಲ್ಲ, ನನ್ನ ಕಡೆ ತಿರುಗಿ ನೋಡಿದರು. ಹಾರಿಸಿಬಿಡಿ ಎಂದು ಕೈಸನ್ನೆ ಮಾಡಿದೆ. ನನಗೆ ನಾಟಕ ಕೆಟ್ಟರೂ ಪರವಾಗಿರಲಿಲ್ಲ, ಅವರ ಆ ಮುಖ ನೋಡಲಾಗುತ್ತಿರಲಿಲ್ಲ. ಅವರು ಎಮ್ಮೆಯ ಕಡೆ ತಿರುಗಿ, ಕೊನೆಯ ಸಾಲಿಗೂ ಕೇಳುವ ಹಾಗೆ, "ನನ್ನ ಕೆಲಸ ಹೋಗಿದೆ" ಎಂದರು. ಕೆಮ್ಮಲಿಲ್ಲ. ಒಂದೊಂದೇ ಮೆಟ್ಟಿಲು ಇಳಿದರು, ಎಮ್ಮೆ ಹಿಂದೆಯೇ ಇಳಿಯಿತು. ಕೆಳಗೆ ಹೇಜಲ್ ಸೊಂಟಕ್ಕೆ ಕೈಯಿಟ್ಟು, "ಇಷ್ಟು ಹೇಳಲಿಕ್ಕೆ ಒಂದು ಎಮ್ಮೆ ಬೇಕಿತ್ತಾ? ಬನ್ನಿ, ಗಂಜಿ ಆರ್ತದೆ" ಎಂದಳು. ಔಷಧಿ ಚೀಟಿಯ ಹಿಂದೆ ಬರೆದ ಮಾತು ಅದು. ಚಪ್ಪಾಳೆಗೆ ಪರದೆ ಎಳೆಯುವವನು ಹಗ್ಗ ಬಿಟ್ಟು ತಾನೂ ತಟ್ಟತೊಡಗಿದ.

ಎಮ್ಮೆಯ ತಲೆಯನ್ನು ಕಂಕುಳಲ್ಲಿಟ್ಟುಕೊಂಡು ರೊನಾಲ್ಡ್ ಮೈಕಿನಲ್ಲಿ, "ರಚನೆ ಮತ್ತು ನಿರ್ದೇಶನ, ನಮ್ಮ ಸ್ಟೀಫನ್" ಎಂದ. ಸ್ಟೀಫನ್ ಮೈಕ್ ಕಿತ್ತುಕೊಂಡರು.

"ಒಂದು ತಿದ್ದುಪಡಿ ಉಂಟು. ಜುಲೈಯಲ್ಲಿ ನನ್ನ ಆಫೀಸಿನ ಕೆಲಸ ಹೋಯ್ತು. ನಾನು ಲೀವ್ ಅಂತ ನಿಮಗೆಲ್ಲ ಹೇಳ್ತಾ ಇದ್ದದ್ದು ಬರೀ ಸುಳ್ಳು. ಈಗ ನಾಟಕ ಬರೆಯುವ ಕೆಲಸವೂ ಹೋಯ್ತು. ಆ ಪೋಸ್ಟ್ ನನ್ನ ಹೆಂಡತಿಗೆ ಸಿಕ್ಕಿದೆ. ನಿಮ್ಮಲ್ಲಿ ಯಾರ ಆಫೀಸಿನಲ್ಲಾದರೂ ಎಮ್ಮೆ ಇಳಿಸುವ ಕೆಲಸ ಇದ್ದರೆ ಹೇಳಿ, ಎಕ್ಸ್‌ಪೀರಿಯೆನ್ಸ್ ಉಂಟು."

ಜನ ನಾಟಕಕ್ಕೆ ನಕ್ಕದ್ದಕ್ಕಿಂತ ಹೆಚ್ಚು ಇದಕ್ಕೆ ನಕ್ಕರು. ನಾನು ಅತ್ತುಬಿಟ್ಟೆ. ರೊನಾಲ್ಡ್ ಮಾತ್ರ ನಗಲಿಲ್ಲ. ಎಮ್ಮೆಯ ತಲೆ ಕೆಳಗಿಟ್ಟು, ವೇದಿಕೆಯ ಮೇಲೆಯೇ ಇವರ ಬೆನ್ನಿಗೆ ಒಂದು ಗುದ್ದು ಕೊಟ್ಟು ತಬ್ಬಿಕೊಂಡ. ಆಮೇಲೆ ಮೂವರು ಗಂಡಸರು ಒಬ್ಬೊಬ್ಬರಾಗಿ ಬಂದು ಇವರ ಕೈ ಹಿಡಿದು ಮೆಲ್ಲಗೆ ಏನೋ ಹೇಳಿ ಹೋದರು. ಒಬ್ಬರ ಹೆಂಡತಿ ದೂರದಲ್ಲಿ ನಿಂತು ಕಾಯುತ್ತಿದ್ದಳು, ಅವಳ ಮನೆಯಲ್ಲೂ ಸೋಫಾದ ಒಂದು ಮೂಲೆ ಹೀಗೇ ತುಂಬಿರಬೇಕು. ನಾನು ಅವಳ ಪರಿಚಯ ಮಾಡಿಕೊಳ್ಳಬೇಕು.

ಇವತ್ತು ಬೆಳಿಗ್ಗೆ ರೊನಾಲ್ಡ್ ಬಂದು, ಐದು ತಿಂಗಳು ಮುಚ್ಚಿಟ್ಟದ್ದಕ್ಕೆ ಮನಸಾರೆ ಬೈದು, ಚಹಾ ಕುಡಿಯುವ ಎಂದು ಇವರನ್ನು ಮುಹರ್ರಕ್‌ಗೆ ಎಳೆದುಕೊಂಡು ಹೋಗಿದ್ದಾನೆ. ಇನ್ನೂ ಬಂದಿಲ್ಲ, ಬರುವ ಅವಸರವೂ ಬೇಡ.

ಆ ಪೋಸ್ಟನ್ನು ನಾನು ಒಪ್ಪಿಕೊಂಡಿಲ್ಲ ಎಂದು ಸ್ಟೀಫನ್‌ಗೆ ಸ್ಪಷ್ಟವಾಗಿ ಹೇಳಿದ್ದೇನೆ. ಡ್ಯೂಟಿ, ಅಡುಗೆ, ಕ್ಯಾರೆನ್, ನನಗೆ ಪುರುಸೊತ್ತೆಲ್ಲಿ. ಪಾತ್ರೆ ತೊಳೆಯುವಾಗ ಸುಮ್ಮನೆ ಒಂದು ಯೋಚನೆ ಬಂತು, ಅಷ್ಟೇ. ವಿಮಾನ ನಿಲ್ದಾಣದಲ್ಲಿ ಒಬ್ಬಳು ಅತ್ತೆ ತನ್ನ ಒಣಮೀನಿನ ಪೆಟ್ಟಿಗೆಯ ಮೇಲೆ ಕೂತಿದ್ದಾಳೆ, ಏಳುವುದಿಲ್ಲ. ಅವಳ ಮೊದಲ ಮಾತು ಏನೆಂದು ಗೊತ್ತಾಗಬೇಕು. ಅವಳು ಒಮ್ಮೆ ಬಾಯಿ ತೆರೆದರೆ ಮುಂದಿನದ್ದನ್ನು ಅವಳೇ ನೋಡಿಕೊಳ್ಳುತ್ತಾಳೆ.